ರಿಪೋರ್ಟ್ ಬರೋವರೆಗೂ ಅಜ್ಜಿ ಮನೆ ರಜೆ

ಈ ತಿಂಗಳು ಬಂದ ಪತ್ರಗಳ ಕಟ್ಟು ಬಿಚ್ಚಿದ್ರೆ ಅರ್ಧಕ್ಕರ್ಧ ಆಸ್ಪತ್ರೆ ಕಾರಿಡಾರ್‌ನಿಂದಲೇ ಬಂದಂಗಿದೆ. ಸ್ಕ್ಯಾನು, ಬಯಾಪ್ಸಿ, ಸ್ಟೆಂಟು, ಆಪರೇಷನ್ ಡೇಟು. ಮಜಾ ಅಂದ್ರೆ ಅದರಲ್ಲಿ ನಾಲ್ಕು ಪತ್ರದಲ್ಲಿ ಕಾಯಿಲೆ ಜೊತೆಗೆ ಬೇಸಿಗೆ ರಜೆನೂ ಇತ್ತು. ಅದಕ್ಕೇ ಈ ಸಲ ಆ ನಾಲ್ಕನ್ನೇ ತಗೊಂಡಿದೀನಿ, ಆಫೀಸ್ ಜಗಳ, ಮದುವೆ ತಕರಾರಿನವರೆಲ್ಲಾ ಮುಂದಿನ ತಿಂಗಳು ಸಿಗಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ ನಮಸ್ತೆ. ನಂಗೆ 41. ಹೋದ ತಿಂಗಳು ಸ್ನಾನ ಮಾಡೋವಾಗ ಎಡಗಡೆ ಸ್ತನದಲ್ಲಿ ಗಂಟು ಕೈಗೆ ಸಿಕ್ತು, ಮ್ಯಾಮೊಗ್ರಾಮ್ ಆಯ್ತು, ಅಲ್ಟ್ರಾಸೌಂಡ್ ಆಯ್ತು, ಮೊನ್ನೆ ಸೂಜಿ ಹಾಕಿ ಬಯಾಪ್ಸಿನೂ ತಗೊಂಡ್ರು, ರಿಪೋರ್ಟಿಗೆ ಒಂದು ವಾರ ಅಂದಿದಾರೆ. ಆಫೀಸಿಗೆ ರಜೆ ಹಾಕಿ ಮನೇಲಿ ಬಿದ್ಕೊಂಡಿದೀನಿ. ಭಯ ಇಲ್ಲ ಅಂತ ಸುಳ್ಳು ಹೇಳಲ್ಲ, ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ, ಫೋನಲ್ಲಿ ಏನೇನೋ ಹುಡುಕಿ ಇನ್ನೂ ಹೆದರ್ಕೊತೀನಿ. ಆದ್ರೆ ನಾನು ಬರೀತಿರೋದು ಬೇರೆ ವಿಷ್ಯಕ್ಕೆ. ಮೊನ್ನೆ ಮಧ್ಯಾಹ್ನ ಮಲಗಿದ್ದಾಗ ಇದ್ದಕ್ಕಿದ್ದಂಗೆ ಅಜ್ಜಿ ಮನೆ ನೆನಪಾಯ್ತು. ರಜೇಲಿ ಮಧ್ಯಾಹ್ನ ಮಕ್ಕಳೆಲ್ಲಾ ಮಲಗಲೇಬೇಕು ಅಂತ ಅಜ್ಜಿ ಆರ್ಡರ್, ನಾವು ಏಳು ಜನ ಸಾಲಾಗಿ ಮಲಗಿ ಗೊರಕೆ ನಾಟಕ ಆಡ್ತಿದ್ವಿ, ನಮ್ಮಣ್ಣ ಒಂದಿನ ಹಿಂದಿನ ಕೋಣೆ ಕಿಟಕಿಯಿಂದ ತಪ್ಪಿಸ್ಕೊಳ್ಳೋಕೆ ಹೋಗಿ ಸೊಂಟದ ಹತ್ರ ಸಿಕ್ಕಾಕ್ಕೊಂಡ, ಅರ್ಧ ಒಳಗೆ ಅರ್ಧ ಹೊರಗೆ, ಹೊರಗಡೆ ನೋಡಿದ್ರೆ ತಾತ ನಿಂತಿದಾರೆ, "ಏನಪ್ಪಾ, ಮಳೆ ಬರುತ್ತಾ ಅಂತ ನೋಡ್ತಿದೀಯಾ" ಅಂದ್ರು. ಅದನ್ನ ನೆನೆಸ್ಕೊಂಡು ಜೋರಾಗಿ ನಕ್ಕುಬಿಟ್ಟೆ ಮೇಡಂ, ಒಬ್ಬಳೇ. ನಮ್ಮನೆಯವರು ಓಡಿ ಬಂದ್ರು, ಅಳ್ತಿದೀನಿ ಅನ್ಕೊಂಡಿದ್ರಂತೆ. ಅವತ್ತಿಂದ ದಿನಾ ಏನೋ ಒಂದು ನೆನಪಾಗುತ್ತೆ, ಖುಷಿನೂ ಆಗುತ್ತೆ, ಆಮೇಲೆ ಏನೋ ತಪ್ಪು ಮಾಡಿದಂಗೆ ಅನ್ಸುತ್ತೆ. ಮಕ್ಕಳು ಮುಖ ಸಪ್ಪಗೆ ಮಾಡ್ಕೊಂಡು ಓಡಾಡ್ತಿದಾವೆ, ನಾನು ನಗ್ತಾ ಕೂತಿದೀನಿ. ಇನ್ನೊಂದು, ಹೇಳೋಕೂ ಭಯ, ಸಾಯೋ ಮುಂಚೆ ಹಳೇದೆಲ್ಲಾ ಕಣ್ಮುಂದೆ ಬರುತ್ತೆ ಅಂತಾರಲ್ಲ, ಇದೇನಾದ್ರೂ ಅದೇನಾ?

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಮ್ಮ, ಇಲ್ಲಾಂದ್ರೆ ಮಿಕ್ಕಿದ್ದೇನು ಬರೆದ್ರೂ ನಿಮ್ಮ ತಲೆಗೆ ಇಳಿಯಲ್ಲ. ಅಲ್ವೇ ಅಲ್ಲ. ಹಳೇ ರಜೆ ನೆನಪಾಗೋದು ಸಾವಿನ ಸೂಚನೆ ಆಗಿದ್ದಿದ್ರೆ ನಾನು ಇಷ್ಟೊತ್ತಿಗೆ ಇನ್ನೂರು ಸಲ ಹೋಗಿರ್ಬೇಕಿತ್ತು. ನಂಗನ್ಸೋ ಕಾರಣ ಸಿಂಪಲ್ಲು. ಮಧ್ಯಾಹ್ನ ಎರಡು ಗಂಟೆಗೆ ಏನೂ ಕೆಲಸ ಇಲ್ದೆ ಮಲಗಿ ಫ್ಯಾನ್ ತಿರುಗೋದು ನೋಡಿ ನೀವು ಎಷ್ಟು ವರ್ಷ ಆಗಿತ್ತು ಹೇಳಿ? ಆಫೀಸು, ಮಕ್ಕಳ ಹೋಮ್‌ವರ್ಕು, ಮನೆಕೆಲಸ, ಇದರ ನಡುವೆ ಅಂಥ ಮಧ್ಯಾಹ್ನ ನಿಮಗೆ ಸಿಕ್ಕೇ ಇರಲ್ಲ. ಕೊನೇ ಸಲ ಸಿಕ್ಕಿದ್ದು ಬಹುಶಃ ಆ ಅಜ್ಜಿ ಮನೇಲೇ, ಆಗಲೂ ಯಾರೋ "ಸುಮ್ನೆ ಮಲ್ಕೋ" ಅಂತ ಗದರಿಸಿದ್ರು, ಈಗಲೂ ಗದರಿಸಿದಾರೆ. ಮನಸ್ಸು ಆ ಎರಡು ಮಧ್ಯಾಹ್ನ ಒಂದಕ್ಕೊಂದು ಗಂಟು ಹಾಕ್ಕೊಂಡಿದೆ, ಅಷ್ಟೇ.

ಈಗ ಒಂದು ವಾರ ಯಾಕೆ ಅಂತ ಹೇಳ್ತೀನಿ, ಇದನ್ನ ಆಸ್ಪತ್ರೇಲಿ ಯಾರೂ ಬಿಡಿಸಿ ಹೇಳಲ್ಲ, ನಾವು ಮನೇಲಿ ಕೂತು "ಲೇಟ್ ಆಗ್ತಿದೆ ಅಂದ್ರೆ ಏನೋ ಕೆಟ್ಟದ್ದೇ ಇರ್ಬೇಕು" ಅಂತ ಲೆಕ್ಕ ಹಾಕ್ತೀವಿ. ತೆಗೆದ ಚೂರನ್ನ ಫಾರ್ಮಲಿನ್‌ನಲ್ಲಿ ನೆನೆಸಿಡ್ತಾರೆ, ಅದರಲ್ಲಿರೋ ನೀರಿನಂಶ ತೆಗೆದು ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡ್ತಾರೆ, ಆ ಅಚ್ಚನ್ನ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಹೆರೀತಾರೆ, ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು, ನಿಮ್ಮ ತಲೆಕೂದಲು ಇದರ ಮುಂದೆ ಹಗ್ಗ. ಅದನ್ನ ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕಿ ಆಮೇಲೆ ಪೆಥಾಲಜಿ ಡಾಕ್ಟರು ಮೈಕ್ರೋಸ್ಕೋಪ್‌ನಲ್ಲಿ ನೋಡೋದು. ಕೆಲವು ಸಲ ಇನ್ನೊಂದು ಥರದ ಬಣ್ಣ ಹಾಕಿ ಮತ್ತೆ ನೋಡ್ಬೇಕಾಗುತ್ತೆ, ಆಗ ಎರಡು ದಿನ ಜಾಸ್ತಿ. ಸ್ತನದ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರಲ್ಲ, ಇದು ನಿಜ. ನಿಮ್ಮದು ಯಾವುದು ಅಂತ ನಾನು ಹೇಳೋಕಾಗಲ್ಲ, ನಿಮ್ಮ ಫೋನೂ ಹೇಳೋಕಾಗಲ್ಲ, ಆ ಗಾಜಿನ ಚೂರೇ ಹೇಳ್ಬೇಕು. ಹಾಗಾಗಿ ರಾತ್ರಿ ಮೂರು ಗಂಟೆಗೆ ಫೋನು ಇನ್ನೊಂದು ರೂಮಲ್ಲಿರ್ಲಿ.

ನನ್ನದೂ ಒಂದು ಕಥೆ ಇದೆ. ಹತ್ತು ವರ್ಷದ ಮೇಲಾಯ್ತು, ಕೆಮ್ಮಿಗೆ ಅಂತ ತೆಗೆಸಿದ ಎಕ್ಸ್‌ರೇನಲ್ಲಿ ಶ್ವಾಸಕೋಶದ ಮೇಲೆ ಒಂದು ನೆರಳು ಕಾಣಿಸ್ತು. ಸಿಟಿ ಸ್ಕ್ಯಾನಿಗೆ ಹನ್ನೊಂದು ದಿನ ಕಾಯಬೇಕಾಯ್ತು. ಆ ಹನ್ನೊಂದು ದಿನ ನಾನು ಕೌನ್ಸೆಲರ್ ಅನ್ನೋದೇ ನಂಗೆ ಮರೆತುಹೋಗಿತ್ತು, ಬೇರೆಯವರಿಗೆ ಹೇಳೋ ಯಾವ ಬುದ್ಧಿಮಾತೂ ನನ್ನ ಹತ್ರ ಕೆಲಸ ಮಾಡ್ಲಿಲ್ಲ. ಆಮೇಲೆ ಸ್ಕ್ಯಾನ್ ದಿನ ಆ ದೊಡ್ಡ ಬಳೆಯೊಳಗೆ ಮಲಗಿಸಿದ್ರು, ಸ್ಪೀಕರ್‌ನಲ್ಲಿ ಒಂದು ದನಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತು. ಹಿಡ್ಕೊಂಡೆ. ಹಿಡ್ಕೊಂಡ ತಕ್ಷಣ ನಾನು ಕೆರೆ ನೀರೊಳಗಿದ್ದೆ! ರಜೇಲಿ ನಾವು ಕಸಿನ್ಸ್ ಎಲ್ಲಾ ಮುಳುಗಿ ಉಸಿರು ಹಿಡಿಯೋ ಪಂದ್ಯ ಕಟ್ತಿದ್ವಿ, ದಡದಲ್ಲಿ ಎಣಿಸೋಕೆ ನಮ್ಮ ದೊಡ್ಡಮ್ಮನ ಮಗ, ಅವನು ತನ್ನ ತಮ್ಮನ ಸರದಿ ಬಂದಾಗ "ಹದಿನೇಳು, ಹದಿನೆಂಟು, ಇಪ್ಪತ್ತೆರಡು" ಅಂತ ಹಾರಿಸಿ ಎಣಿಸ್ತಿದ್ದ, ನನ್ನ ಸರದೀಲಿ ಒಂದೊಂದು ನಂಬರಿಗೂ ಆಕಳಿಸ್ತಿದ್ದ. ಕಣ್ಣು ಬಿಟ್ರೆ ನೀರೊಳಗೆ ಹಸಿರು ಬೆಳಕು, ನನ್ನ ಲಂಗ ಕೊಡೆ ಥರ ಉಬ್ಬಿರ್ತಿತ್ತು. ಸ್ಕ್ಯಾನರ್ ಒಳಗೆ ನಂಗೆ ನಗು ತಡೆಯೋಕಾಗ್ಲಿಲ್ಲ, ಹೊಟ್ಟೆ ಕುಲುಕ್ತು, "ಅಲ್ಲಾಡ್ಬೇಡಿ ಮೇಡಂ" ಅಂತ ಬೈಸ್ಕೊಂಡೆ, ಮತ್ತೊಂದು ಸಲ ತೆಗೀಬೇಕಾಯ್ತು. ಯಾವತ್ತೋ ಆಗಿ ವಾಸಿಯಾದ ಸೋಂಕಿನ ಕಲೆ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಗೊತ್ತಾಗೋ ಮುಂಚೆನೇ ನಾನು ನಕ್ಕಿದ್ದೆ ನೋಡಿ, ಅದನ್ನ ನಿಮಗೆ ಹೇಳ್ಬೇಕಿತ್ತು.

ಹಳೇದನ್ನ ನೆನೆಸ್ಕೊಂಡು ಕೂರೋದು ಕಾಯಿಲೆ ಅಂತ ಒಂದು ಕಾಲದಲ್ಲಿ ಡಾಕ್ಟರುಗಳೇ ನಂಬಿದ್ರು ಗೊತ್ತಾ? ನಾವು ಈಗ ಸಲೀಸಾಗಿ ನಾಸ್ಟಾಲ್ಜಿಯಾ ಅಂತೀವಲ್ಲ, ಆ ಪದಾನ ಹುಟ್ಟಿಸಿದ್ದು ಯೋಹಾನೆಸ್ ಹೋಫರ್ ಅನ್ನೋ ಸ್ವಿಸ್ ವೈದ್ಯ, 1688ರಲ್ಲಿ. ಗ್ರೀಕ್‌ನಲ್ಲಿ ಮನೆಗೆ ಮರಳೋದು ಅನ್ನೋ ಪದಕ್ಕೆ ನೋವು ಅನ್ನೋ ಪದ ಸೇರಿಸಿ ಮಾಡಿದ್ದು, ಮನೆ ಬಿಟ್ಟು ದೂರ ಇರೋರು ಸೊರಗಿ ಹಾಸಿಗೆ ಹಿಡಿಯೋ ರೋಗಕ್ಕೆ ಅವನು ಇಟ್ಟ ಹೆಸರು ಅದು. ಈಗ ಅಭಿಪ್ರಾಯ ಪೂರ್ತಿ ಉಲ್ಟಾ ಆಗಿದೆ. 2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮೇಗನ್ ಸ್ಪೀರ್, ಮಾರಿಸಿಯೊ ಡೆಲ್ಗಾಡೊ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದ್ರು. ಜನರ ಕೈನ ಐಸ್ ನೀರಲ್ಲಿ ಇಡಿಸಿ ಸ್ಟ್ರೆಸ್ ಬರಿಸಿ, ಆಮೇಲೆ ಕೆಲವರಿಗೆ ತಮ್ಮದೇ ಖುಷಿ ನೆನಪು ನೆನೆಸ್ಕೊಳ್ಳಿ ಅಂದ್ರು, ಇನ್ನು ಕೆಲವರಿಗೆ ಖುಷಿನೂ ಅಲ್ಲದ ದುಃಖಾನೂ ಅಲ್ಲದ ಸಪ್ಪೆ ನೆನಪು. ಖುಷಿ ನೆನಪಿನವರಲ್ಲಿ ಸ್ಟ್ರೆಸ್ ಹಾರ್ಮೋನ್ ಕಾರ್ಟಿಸಾಲ್ ಅಷ್ಟು ಏರಲಿಲ್ಲ. ಅಂದ್ರೆ ನೀವು ನಗ್ತಿರೋದಕ್ಕೆ ನಿಮ್ಮ ಮೈ ಕೂಡ ನಿಮಗೆ ಥ್ಯಾಂಕ್ಸ್ ಹೇಳ್ತಿರಬಹುದು. ಗಂಟನ್ನ ಅದು ಕರಗಿಸಲ್ಲ, ಅಂಥಾ ಮಾತು ಯಾರಾದ್ರೂ ವಾಟ್ಸಾಪಲ್ಲಿ ಕಳಿಸಿದ್ರೆ ಡಿಲೀಟ್ ಮಾಡಿ.

ಆದ್ರೆ ನೆನೆಸ್ಕೊಳ್ಳೋದ್ರಲ್ಲೂ ಒಂದು ಕ್ರಮ ಇದೆ. "ಆಗ ರಜೆ ಎಷ್ಟ್ ಚೆನ್ನಾಗಿರ್ತಿತ್ತು" ಅಂತ ಒಟ್ಟಾರೆ ನೆನೆಸ್ಕೊಂಡ್ರೆ ಎರಡನೇ ನಿಮಿಷಕ್ಕೆ "ಈಗ ನೋಡು ನನ್ನ ಗತಿ" ಬಂದೇ ಬರುತ್ತೆ, ಹೋಲಿಕೆ ಶುರುವಾದ್ರೆ ಖುಷಿ ಹುಳಿ ಆಗುತ್ತೆ. ತೀರಾ ಖಿನ್ನತೇಲಿರೋರು ನೆನಪನ್ನ ಹೀಗೇ ಮಸುಕು ಮಸುಕಾಗಿ, ಒಟ್ಟಾರೆಯಾಗಿ ಹೇಳ್ತಾರೆ, ಒಂದು ದಿನ ಒಂದು ಘಟನೆ ಅಂತ ಅವರಿಗೆ ಸಿಗೋದು ಕಷ್ಟ ಅಂತ ಬ್ರಿಟನ್‌ನ ಮನಶ್ಶಾಸ್ತ್ರಜ್ಞ ಮಾರ್ಕ್ ವಿಲಿಯಮ್ಸ್ 1980ರ ದಶಕದಿಂದ ಬರೀತಾ ಬಂದಿದಾರೆ. ನಿಮಗೆ ಸಿಕ್ಕಿರೋದು ಅಣ್ಣನ ಸೊಂಟ, ಆ ಕಿಟಕಿ, ತಾತನ ಒಂದು ಡೈಲಾಗು. ಅಷ್ಟು ಚಿಕ್ಕದು ಸಿಗೋದೇ ಒಳ್ಳೇ ಲಕ್ಷಣ. ಅದರೊಳಗೇ ಇರಿ. ಕಿಟಕಿ ಸರಳು ಕಬ್ಬಿಣದ್ದಾ ಮರದ್ದಾ, ಅವನ ಕಾಲಲ್ಲಿ ಚಪ್ಪಲಿ ಇತ್ತಾ, ಒಳಗಿದ್ದ ಆರು ಜನ ಗೊರಕೆ ನಿಲ್ಲಿಸಿದ್ರಾ ಇಲ್ಲ ಇನ್ನೂ ಜೋರು ಮಾಡಿದ್ರಾ. ಒಂದು ಸಣ್ಣ ಟ್ರಿಕ್ಕು: ವಾಸನೆ. ಮೂಗಿನ ಸುದ್ದಿ ಮಿದುಳಲ್ಲಿ ಮಿಕ್ಕ ಇಂದ್ರಿಯಗಳ ಥರ ಸುತ್ತು ದಾರಿ ಹಿಡಿಯಲ್ಲ, ಭಾವನೆಗೆ ಸಂಬಂಧಪಟ್ಟ ಅಮಿಗ್ಡಲಾಗೆ ಸೀದಾ ನುಗ್ಗುತ್ತೆ, ನೆನಪಿನ ಹಿಪೊಕ್ಯಾಂಪಸ್ ಪಕ್ಕದಲ್ಲೇ ಇದೆ. ಟ್ರಂಕ್ ಮುಚ್ಚಳ ತೆಗೆದಾಗಿನ ನ್ಯಾಫ್ತಲೀನ್ ಗುಳಿಗೆ ವಾಸನೆ, ಹಳೇ ಪುಸ್ತಕದ ಧೂಳು, ಒದ್ದೆ ಹಗ್ಗ, ಇಂಥದ್ದೇನಾದ್ರೂ ಕೈಗೆಟುಕೋ ಹಾಗಿದ್ರೆ ಮೂಸಿ ನೋಡಿ. ಮನೆಯವರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ ಬಿಡಿ, ಈಗಾಗ್ಲೇ ನೋಡಿದಾರಲ್ಲ.

ಆಮೇಲೆ ಅಣ್ಣಂಗೆ ಫೋನ್ ಮಾಡಿ. ಗಂಟಿನ ವಿಷ್ಯ ಅವರಿಗೆ ಹೇಳಿದೀರೋ ಇಲ್ವೋ ಬರೆದಿಲ್ಲ, ಹೇಳದೇ ಇದ್ರೂ ಪರವಾಗಿಲ್ಲ, ಕಿಟಕಿ ವಿಷ್ಯ ಮಾತಾಡಿ. ಸಿಕ್ಕಾಕ್ಕೊಂಡಿದ್ದು ತಾನಲ್ಲ, ನೀವೇ ಅಂತ ಅವರು ವಾದ ಮಾಡೋ ಚಾನ್ಸ್ ಇದೆ! ನಗಬೇಡಿ, ನಂಗೆ ಹಾಗೇ ಆಯ್ತು, ಹಾರಿಸಿ ಎಣಿಸ್ತಿದ್ದೋಳು ನಾನೇ ಅಂತ ನಮ್ಮ ದೊಡ್ಡಮ್ಮನ ಮಗ ಇವತ್ತಿಗೂ ಆಣೆ ಮಾಡ್ತಾನೆ. ನೆನಪು ಅನ್ನೋದು ಪೆಟ್ಟಿಗೇಲಿಟ್ಟ ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಕಟ್ಕೊಳ್ಳೋದು ಅಂತ ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿಕೊಟ್ಟಿದ್ರು. ಯಾರದ್ದು ಸರಿ ಅನ್ನೋ ತೀರ್ಮಾನ ಬೇಕಾಗಿಲ್ಲ, ಆ ಜಗಳ ಅರ್ಧ ಗಂಟೆ ಎಳೆದ್ರೆ ನಿಮಗೆ ಅರ್ಧ ಗಂಟೆ ಲಾಭ.

ಮಕ್ಕಳ ಮುಖ ಸಪ್ಪಗಿದೆ ಅಂದ್ರಿ. ಅವಕ್ಕೂ ಈ ಕಥೆ ಹೇಳಿ. ಅಮ್ಮ ಯಾಕೆ ನಕ್ಕಳು ಅಂತ ಗೊತ್ತಿಲ್ದೆ ಇರೋದು ಮಕ್ಕಳಿಗೆ ಜಾಸ್ತಿ ಗಾಬರಿ. ರಿಪೋರ್ಟ್ ದಿನ ಮಾತ್ರ ತಪ್ಪಿಸ್ಬೇಡಿ, "ಹೇಗೂ ಮನಸ್ಸು ಈಗ ಹಗುರ ಇದೆ, ಆಮೇಲೆ ಹೋದ್ರಾಯ್ತು" ಅಂತ ಮುಂದಕ್ಕೆ ಹಾಕೋರನ್ನ ನೋಡಿದೀನಿ, ಹಾಗೆ ಮಾಡಿದ್ರೆ ನಂಗೆ ಸಿಟ್ಟು ಬರುತ್ತೆ. ಕೇಳ್ಬೇಕಾದ ಪ್ರಶ್ನೆಗಳನ್ನ ಇವತ್ತೇ ಚೀಟೀಲಿ ಬರೆದಿಟ್ಕೊಳ್ಳಿ, ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ, ಗಾಬರೀಲಿ ಡಾಕ್ಟರ್ ಹೇಳಿದ್ದು ಅರ್ಧ ಕಿವಿಗೇ ಬೀಳಲ್ಲ.

ಪ್ರಶ್ನೆ: ಅಪ್ಪಂಗೆ 68, ಹತ್ತು ದಿನದ ಹಿಂದೆ ಆಂಜಿಯೋಪ್ಲಾಸ್ಟಿ ಆಯ್ತು, ಎರಡು ಸ್ಟೆಂಟ್. ಜೀವಮಾನದಲ್ಲಿ ನಮ್ಮ ಹತ್ರ ನಾಲ್ಕು ಮಾತಾಡಿದವರಲ್ಲ, ಈಗ ನೋಡಿದ್ರೆ ನರ್ಸ್‌ಗೆ, ಪಕ್ಕದ ಬೆಡ್ಡಿನವರಿಗೆ, ಮನೆಗೆ ಬಂದೋರಿಗೆಲ್ಲಾ ಚಿಕ್ಕೋನಿದ್ದಾಗ ರಜೇಲಿ ದೋಣಿ ತಗೊಂಡು ಹೊಳೆ ದಾಟಿದ ಕಥೆ. ನಾನೇ ನಾಲ್ಕು ಸಲ ಕೇಳಿದೀನಿ ಮೇಡಂ. ಅಮ್ಮ ತಲೆಗೇನಾದ್ರೂ ಏಟು ಬಿದ್ದಿದ್ಯಾ ಅಂತ ಅಳ್ತಿದಾರೆ. ತಡೀಬೇಕಾ?

ಉತ್ತರ: ತಡೀಬೇಡಿ ಮಗನೇ. ವಯಸ್ಸಾದೋರು ಹಳೇದು ಮಾತಾಡಿದ್ರೆ ಬುದ್ಧಿ ಮಂಕಾಗ್ತಿದೆ ಅಂತಾನೇ ಹಿಂದೆ ಎಲ್ರೂ ಅನ್ಕೊಂಡಿದ್ರು. ರಾಬರ್ಟ್ ಬಟ್ಲರ್ ಅನ್ನೋ ಅಮೆರಿಕದ ಮನೋವೈದ್ಯರು 1963ರಲ್ಲಿ ಅದು ತಪ್ಪು, ಬದುಕನ್ನ ಒಂದು ಸಲ ತಿರುಗಿ ನೋಡಿ ಲೆಕ್ಕ ಹಾಕ್ಕೊಳ್ಳೋದು ಸಹಜ ಅಂತ ಬರೆದ್ರು, ಆಮೇಲೆ ಅದನ್ನೇ ಥೆರಪಿ ಥರ ಬಳಸೋದೂ ಶುರುವಾಯ್ತು. ನಿಮ್ಮಪ್ಪ ಹೃದಯ ನಿಂತುಹೋಗ್ಬಹುದಿತ್ತು ಅನ್ನೋದನ್ನ ಹೇಳೋಕೆ ಬರದೆ ಹೊಳೆ ದಾಟಿದ್ದು ಹೇಳ್ತಿದಾರೆ ಅಂತ ನನ್ನ ಊಹೆ.

ಒಂದನ್ನ ಮಾತ್ರ ಗಮನಿಸಿ. ಇವತ್ತು ಯಾವ ವಾರ, ತಾನು ಎಲ್ಲಿದೀನಿ ಅನ್ನೋದೇ ಗೊತ್ತಾಗ್ತಿಲ್ಲ, ಹಗಲೆಲ್ಲಾ ತೂಕಡಿಕೆ ರಾತ್ರಿ ಎದ್ದು ಕೂಗಾಟ, ಬೆಳಿಗ್ಗೆ ಒಂಥರ ಸಂಜೆ ಒಂಥರ, ಹೀಗಿದ್ರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ. ಆಸ್ಪತ್ರೇಲಿರೋ ವಯಸ್ಸಾದೋರಲ್ಲಿ ಡಿಲೀರಿಯಂ, ಅಂದ್ರೆ ಇದ್ದಕ್ಕಿದ್ದಂಗೆ ಹೀಗೆ ಬುದ್ಧಿ ಗೊಂದಲ ಆಗೋದು, ಅಪರೂಪ ಏನಲ್ಲ, ಕಾರಣ ಹುಡುಕಿ ಚಿಕಿತ್ಸೆ ಕೊಡ್ತಾರೆ. ಅದ್ಯಾವುದೂ ಇಲ್ಲ, ಬರೀ ಕಥೆ ರಿಪೀಟ್ ಅಂದ್ರೆ ಐದನೇ ಸಲ ಶುರು ಮಾಡಿದಾಗ ಫೋನ್ ರೆಕಾರ್ಡರ್ ಆನ್ ಮಾಡಿ ಮಧ್ಯ ಒಂದು ಪ್ರಶ್ನೆ ಹಾಕಿ. ದೋಣಿಗೆ ಹುಟ್ಟು ಇತ್ತಾ, ಕೋಲಲ್ಲಿ ತಳ್ಳಿದ್ರಾ? ಆಕಡೆ ದಡದಲ್ಲಿ ಯಾರಿದ್ರು? ಕಥೆ ಅಲ್ಲಿಂದ ಬೇರೆ ದಾರಿ ಹಿಡಿಯುತ್ತೆ, ನೋಡ್ತಿರಿ. ಅಮ್ಮನ್ನೂ ಪಕ್ಕ ಕೂರಿಸಿ, ನಲವತ್ತು ವರ್ಷ ಸಂಸಾರ ಮಾಡಿಯೂ ಅವರು ಕೇಳದೇ ಇರೋದು ಅದರಲ್ಲಿ ಇರಬಹುದು.

ಪ್ರಶ್ನೆ: ಮುಂದಿನ ವಾರ ನಂಗೆ ಆಪರೇಷನ್. ಎಲ್ರೂ "ಚಿಕ್ಕಂದಿನ ಒಳ್ಳೇ ದಿನಗಳನ್ನ ನೆನೆಸ್ಕೋ, ಧೈರ್ಯ ಬರುತ್ತೆ" ಅಂತಾರೆ. ನಂಗೆ ಅಂಥಾ ದಿನಗಳೇ ಇರ್ಲಿಲ್ಲ. ರಜೆ ಬಂತು ಅಂದ್ರೆ ಸಂಬಂಧಿಕರ ಮನೆಗೆ ಕಳಿಸ್ತಿದ್ರು, ಅಲ್ಲಿ ನಾನು ಬೇಡದ ಕೂಸು. ನೆನೆಸ್ಕೊಂಡ್ರೆ ಇನ್ನೂ ಹೊಟ್ಟೆ ಕಿವುಚುತ್ತೆ.

ಉತ್ತರ: ಹಾಗಾದ್ರೆ ನೆನೆಸ್ಕೋಬೇಡಿ. ನಿಜವಾಗ್ಲೂ. ಎಲ್ಲರ ಬಾಲ್ಯಾನೂ ಬಂಗಾರ ಅಂತ ಮಾತಾಡೋ ಜನಕ್ಕೆ ಬೇರೆಯವರ ಬಾಲ್ಯ ನೋಡೋ ವ್ಯವಧಾನ ಇರಲ್ಲ, ಅವರ ಮೇಲೆ ಕೋಪ ಬಂದ್ರೂ ಸರಿನೇ. ಮನಸ್ಸಿಗೆ ಆಸರೆ ಆಗೋ ನೆನಪು ಎಂಟನೇ ವಯಸ್ಸಿನದ್ದೇ ಆಗ್ಬೇಕು ಅಂತ ರೂಲ್ ಇಲ್ಲ, ಮೊದಲ ಸಂಬಳದ ಸಂಜೆ, ಒಬ್ಬರೇ ಕೂತು ಹೋದ ಒಂದು ಟ್ರೇನ್ ಪ್ರಯಾಣ, ಹೋದ ವರ್ಷ ಫ್ರೆಂಡ್ ಜೊತೆ ಮಳೇಲಿ ಸಿಕ್ಕಾಕ್ಕೊಂಡಿದ್ದು, ಏನಾದ್ರೂ ನಡಿಯುತ್ತೆ, ಒಂದು ಹತ್ತು ನಿಮಿಷದ್ದು ಸಾಕು. ಅದೂ ಸಿಗ್ತಿಲ್ಲ ಅಂದ್ರೆ ಅರಿವಳಿಕೆ ಡಾಕ್ಟರ್ ಹತ್ರ ಭಯ ಇದೆ ಅಂತ ನೇರವಾಗಿ ಹೇಳಿ, ಅವರು ದಿನಾ ಕೇಳೋ ಮಾತೇ ಅದು. ಆ ಮನೆಯ ದಿನಗಳ ಬಗ್ಗೆ ಆಪರೇಷನ್ ಆಗಿ ಚೇತರಿಸ್ಕೊಂಡ ಮೇಲೆ, ನಿಮಗೆ ಬೇಕು ಅನ್ಸಿದ್ರೆ, ಬರೀರಿ. ಅದನ್ನ ಈ ಅಂಕಣದಲ್ಲಿ ಹಾಕಲ್ಲ, ನಾನೊಬ್ಬಳೇ ಓದ್ತೀನಿ.

ಪ್ರಶ್ನೆ: ನನ್ನ ಟೆಸ್ಟುಗಳ ಗಲಾಟೇಲಿ ಈ ಸಲದ ಟ್ರಿಪ್ ಕ್ಯಾನ್ಸಲ್. ಮಗಳಿಗೆ 9. ದೊಡ್ಡೋಳಾದ ಮೇಲೆ ಅವಳಿಗೆ ಈ ರಜೆ ಅಂದ್ರೆ ಬರೀ ಆಸ್ಪತ್ರೆ ವೇಟಿಂಗ್ ರೂಮೇ ನೆನಪಿರುತ್ತಾ ಅಂತ ಸಂಕಟ ಆಗ್ತಿದೆ.

ಉತ್ತರ: ನಿಮ್ಮ ಹಳೇ ರಜೆಗಳನ್ನ ಲೆಕ್ಕ ಹಾಕಿ ನೋಡಿ, ನಲವತ್ತು ದಿನದ್ದರಲ್ಲಿ ನೆನಪಿರೋದು ಮೂರೋ ನಾಲ್ಕೋ ಗಳಿಗೆ, ಮಿಕ್ಕ ದಿನ ಬೋರ್ ಅಂತ ಗೋಳಾಡಿದ್ದೆಲ್ಲಾ ಎಲ್ಲಿ ಹೋಯ್ತು? ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಮಾಡಿದ್ರು, ಅಲ್ಲೂ ತಣ್ಣೀರಲ್ಲಿ ಕೈ ಇಡಿಸೋದೇ, ಈ ಮನಶ್ಶಾಸ್ತ್ರದವರಿಗೆ ಜನರ ಕೈ ಕಂಡ್ರೆ ಅದೇನು ದ್ವೇಷವೋ. ಒಂದು ಸಲ 60 ಸೆಕೆಂಡ್, ಇನ್ನೊಂದು ಸಲ ಅದೇ 60ರ ಮೇಲೆ ಇನ್ನೂ 30 ಸೆಕೆಂಡ್, ಆದ್ರೆ ಆ ಕೊನೇ 30ರಲ್ಲಿ ನೀರು ಒಂಚೂರು ಬೆಚ್ಚಗೆ ಮಾಡ್ತಾ ಬಂದ್ರು. ಮತ್ತೆ ಯಾವುದು ಮಾಡ್ತೀರಾ ಅಂದ್ರೆ ಜಾಸ್ತಿ ಜನ ಉದ್ದದ್ದನ್ನೇ ಆರಿಸ್ಕೊಂಡ್ರು. ಎಷ್ಟು ಹೊತ್ತು ಅನ್ನೋದಕ್ಕಿಂತ ಮಧ್ಯದ ಒಂದು ತೀವ್ರ ಗಳಿಗೆ, ಕೊನೆ ಹೇಗಾಯ್ತು, ಇವೆರಡೇ ನೆನಪಲ್ಲಿ ಹೆಚ್ಚು ತೂಗೋದು.

ಹಾಗಾಗಿ ಏನು ನಡೀತಿದೆ ಅಂತ ಅವಳಿಗೆ ಅವಳ ಭಾಷೇಲಿ ನಿಜ ಹೇಳಿ, 9ಕ್ಕೆ ಎಲ್ಲಾ ಗೊತ್ತಾಗುತ್ತೆ, ಮುಚ್ಚಿಟ್ರೆ ಅವಳೇ ಇದಕ್ಕಿಂತ ಭಯಂಕರವಾದ್ದು ಕಲ್ಪಿಸ್ಕೊತಾಳೆ. ರಜೆ ಮುಗಿಯೋ ಮುಂಚೆ ಒಂದು ರಾತ್ರಿ ನಡುಮನೇಲಿ ಎರಡು ಕುರ್ಚಿ ಮೇಲೆ ಬೆಡ್‌ಶೀಟ್ ಎಳೆದು ಟೆಂಟ್ ಕಟ್ಟಿ, ಒಳಗೆ ನೀವಿಬ್ರೇ. ನಿಮಗೆ ಕೂರೋಕೆ ಆಗ್ದಿದ್ರೆ ಮಲ್ಕೊಳ್ಳಿ, ಟೆಂಟಲ್ಲಿ ಹೇಗೂ ಮಲಗೋದೇ ತಾನೆ. ನಿಮ್ಮ ಚಿಕ್ಕಂದಿನ ಒಂದು ಪೋಲಿ ಕಥೆ ಹೇಳಿ, ಅವಳ ಅಜ್ಜಿಗೆ ಇವತ್ತಿಗೂ ಗೊತ್ತಿಲ್ದೇ ಇರೋ ಕಥೆ. ಟಾರ್ಚಿಗೆ ಹೊಸ ಸೆಲ್ ಹಾಕಿಡೋದು ಮರೀಬೇಡಿ, ಗೋಡೆ ಮೇಲೆ ಬೆರಳಲ್ಲಿ ಮೊಲ ಮಾಡ್ಬೇಕಾಗುತ್ತೆ.